ಮನೆಯಲ್ಲಿ ಕಟ್ಟುವ ವಿಮಾನಕ್ಕೆ ಕಾರಿನ ಎಂಜಿನ್: ಗ್ಯಾರೇಜಿನಿಂದ ಮೊದಲ ಹಾರಾಟದವರೆಗೆ

ಎರಡು ಸೀಟಿನ ಸಣ್ಣ ವಿಮಾನವನ್ನು ಸ್ವಂತ ಕೈಯಿಂದ ಕಟ್ಟಲು ಹೊರಟವರಿಗೆ ಮರ, ಅಲ್ಯೂಮಿನಿಯಂ, ಬಟ್ಟೆಯ ಖರ್ಚು ಹೇಗೋ ನಿಭಾಯಿಸಬಹುದು ಅನ್ನಿಸುತ್ತದೆ. ಲೆಕ್ಕ ಕೈ ಮೀರುವುದು ಎಂಜಿನ್ನಿನಲ್ಲಿ. ಸಣ್ಣ ವಿಮಾನಗಳಿಗೆಂದೇ ಮಾಡಿದ ಒಂದು ಹೊಸ ರೋಟಾಕ್ಸ್ 912 ಎಂಜಿನ್ನಿಗೆ ಕೊಡುವ ದುಡ್ಡಿನಲ್ಲಿ ಮೈಸೂರಿನಲ್ಲಿ ಒಳ್ಳೆಯ ಹೊಸ ಕಾರೇ ಬರುತ್ತದೆ. ಹಾಗಿದ್ದರೆ ಕಾರಿನ ಎಂಜಿನ್ನನ್ನೇ ಏಕೆ ಬಳಸಬಾರದು ಎಂಬ ಪ್ರಶ್ನೆ ಏಳುವುದು ಸಹಜ.

ಪ್ರಶ್ನೆ ಹೊಸದಲ್ಲ, ಉತ್ತರವೂ ಇದೆ. ಅಮೆರಿಕದ ಮಿನ್ನೆಸೋಟದಲ್ಲಿ ಬರ್ನಾರ್ಡ್ ಪೀಟನ್‌ಪೋಲ್ 1920ರ ದಶಕದ ಕೊನೆಯಲ್ಲೇ ಫೋರ್ಡ್ ಮಾಡೆಲ್ ಎ ಕಾರಿನ 40 ಅಶ್ವಶಕ್ತಿಯ ಎಂಜಿನ್ನಿನಿಂದ ವಿಮಾನ ಹಾರಿಸಿದರು. ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿಯಿಂದ ತಣಿಯುವ ಎಂಜಿನ್ ಜಗತ್ತಿನಾದ್ಯಂತ ಸಾವಿರಾರು ಸಣ್ಣ ವಿಮಾನಗಳನ್ನು ಎತ್ತಿದೆ. ಮರ್ಸಿಡಿಸ್ ಎ-ಕ್ಲಾಸ್ ಕಾರಿನ ಡೀಸೆಲ್ ಎಂಜಿನ್ನನ್ನು ಜರ್ಮನಿಯ ಟೀಲರ್ಟ್ ಕಂಪನಿ ಮಾರ್ಪಡಿಸಿ ಪ್ರಮಾಣಪತ್ರವನ್ನೇ ಪಡೆದು, ಡೈಮಂಡ್ ಕಂಪನಿಯ ಸಣ್ಣ ವಿಮಾನಗಳಿಗೆ ಕೊಟ್ಟಿತು. ಆ ಎಂಜಿನ್ನಿನ ಗೇರ್‌ಬಾಕ್ಸನ್ನು ಮಾತ್ರ ಆರಂಭದಲ್ಲಿ ಪ್ರತಿ 300 ಗಂಟೆಗೆ ಬಿಚ್ಚಿ ಕಳುಹಿಸಬೇಕಿತ್ತು.

ಆ ಗೇರ್‌ಬಾಕ್ಸಿನಲ್ಲೇ ಈ ಲೇಖನದ ಮುಖ್ಯ ಮಾತಿದೆ. ಒಳ್ಳೆಯ ಕಾರ್ ಎಂಜಿನ್ನಿನ ಕ್ರ್ಯಾಂಕ್, ಪಿಸ್ಟನ್, ವಾಲ್ವ್‌ಗಳು ಆಕಾಶದಲ್ಲಿ ಕೈಕೊಡುವುದು ಕಡಿಮೆ. ಕೈಕೊಡುವುದು ನಾವು ಅದಕ್ಕೆ ಜೋಡಿಸಿದ ಭಾಗಗಳು: ಪ್ರೊಪೆಲ್ಲರ್ ವೇಗ ತಗ್ಗಿಸುವ ಡ್ರೈವ್, ರೇಡಿಯೇಟರ್, ಪೆಟ್ರೋಲ್ ಪೈಪು, ವೈರಿಂಗ್. ಎಂಜಿನ್ ಬಿಚ್ಚಿ ಜೋಡಿಸುವುದಕ್ಕೆ ಒಂದು ಪಾಲು ಸಮಯ ಇಟ್ಟರೆ ಇವಕ್ಕೆ ನಾಲ್ಕು ಪಾಲು ಇಡಿ.

ಸ್ಪ್ಯಾನರ್ ಹಿಡಿಯುವ ಮೊದಲು

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಬೆಂಗಳೂರು ಕಚೇರಿಗೆ ಮೊದಲು ಹೋಗಿ. ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ಮತ್ತು ಹಾರಾಟದ ಅನುಮತಿ ಇಲ್ಲದೆ ನೆಲ ಬಿಡುವಂತಿಲ್ಲ. ಮಂಡ್ಯದ ನಿಮ್ಮದೇ ಹೊಲದ ಮೇಲೂ ಬಿಡುವಂತಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ ವರ್ಷಗಟ್ಟಲೆ ಓಡಾಡಿದ ಮೇಲೆ 2017ರಲ್ಲಿ ನೋಂದಣಿ ಸಿಕ್ಕಿತು. ದಾರಿ ಕಷ್ಟದ್ದು, ಆದರೆ ಮುಚ್ಚಿಲ್ಲ. ಪ್ರತಿ ಹಂತದ ಫೋಟೊ, ಲೋಹ ಕೊಂಡ ರಸೀದಿ, ಬೋಲ್ಟ್ ಬಿಗಿಸಿದ ಟಾರ್ಕ್ ಅಂಕಿ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಪರಿಶೀಲನೆಗೆ ಬಂದ ಅಧಿಕಾರಿ ಮೊದಲು ಕೇಳುವುದು ಅದನ್ನೇ.

ಯಾವ ಎಂಜಿನ್?

ನನ್ನ ಆಯ್ಕೆ ಮಾರುತಿ ಜಿಪ್ಸಿ ಕಿಂಗ್‌ನ 1,298 ಸಿಸಿ ಎಂಜಿನ್. ಸುಜುಕಿಯ ಜಿ13 ಸಾಲಿನದು, ಎಸ್ಟೀಮ್‌ನಲ್ಲೂ ಇತ್ತು. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಆದ್ದರಿಂದ ಹಗುರ. ನಿಮಿಷಕ್ಕೆ 6,000 ಸುತ್ತಿನಲ್ಲಿ 80 ಅಶ್ವಶಕ್ತಿ, 4,500 ಸುತ್ತಿನಲ್ಲಿ 103 ನ್ಯೂಟನ್ ಮೀಟರ್ ಟಾರ್ಕ್. ಅರಣ್ಯ ಇಲಾಖೆಯ ಜಿಪ್ಸಿಗಳನ್ನು ರಿಪೇರಿ ಮಾಡಿ ಪಳಗಿದ ಮೆಕ್ಯಾನಿಕ್‌ಗಳು ಮೈಸೂರು ಸುತ್ತಮುತ್ತ ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ. ಮಾರುತಿ 800ರ ಮೂರು ಸಿಲಿಂಡರ್ ಎಂಜಿನ್ ಒಂದೇ ಸೀಟಿನ ಹಗುರ ವಿಮಾನಕ್ಕೆ ಸರಿ. ಆದರೆ ಮೂರು ಸಿಲಿಂಡರಿನ ಬಡಿತವನ್ನು ಪಳಗಿಸುವುದು ನಾಲ್ಕರದ್ದಕ್ಕಿಂತ ಕಷ್ಟ. ಈಚಿನ ಕಾರುಗಳ ಎಂಜಿನ್ ಇನ್ನೂ ಚೆನ್ನಾಗಿವೆಯಾದರೂ ಅವುಗಳ ಎಲೆಕ್ಟ್ರಾನಿಕ್ಸ್ ಬಿಡಿಸುವುದೇ ಒಂದು ಪ್ರತ್ಯೇಕ ಕೆಲಸ. ಸಾಮಾನ್ಯ ಕಾರಿನ ಡೀಸೆಲ್ ತೂಕದಿಂದಲೇ ಹೊರಗೆ.

80 ಅಶ್ವಶಕ್ತಿ ಎಂದು ಕಾಗದದಲ್ಲಿ ಇರುವುದು ಮೈಸೂರಿನಲ್ಲಿ ಸಿಗುವುದಿಲ್ಲ. ನಾವು ಸಮುದ್ರಮಟ್ಟಕ್ಕಿಂತ 700 ಮೀಟರ್‌ಗೂ ಮೇಲಿದ್ದೇವೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇರುವಾಗ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ಸುಮಾರು 15% ತೆಳು. ಎಂಜಿನ್ನಿಗೆ ಅದು 1,700 ಮೀಟರ್ ಎತ್ತರದಲ್ಲಿ ಇದ್ದಂತೆಯೇ. 80 ಇದ್ದದ್ದು 68ರ ಆಸುಪಾಸಿಗೆ ಇಳಿಯುತ್ತದೆ. ಅದೇ ತೆಳು ಗಾಳಿಯಲ್ಲಿ ರೆಕ್ಕೆಯೂ ಪ್ರೊಪೆಲ್ಲರೂ ಕೆಲಸ ಮಾಡಬೇಕು. ನಿಮ್ಮ ವಿಮಾನದ ನಕ್ಷೆ ಕನಿಷ್ಠ 65 ಅಶ್ವಶಕ್ತಿ ಕೇಳಿದರೆ ಈ ಎಂಜಿನ್ ಸಾಲದು ಎಂದೇ ತಿಳಿಯಿರಿ, ಏಕೆಂದರೆ ನಾವು 6,000 ಸುತ್ತಿನವರೆಗೆ ಹೋಗುವುದೂ ಇಲ್ಲ. ಟೇಕಾಫ್‌ಗೆ 5,200, ಹಾರಾಟದಲ್ಲಿ 4,500 ಸುತ್ತು, ಇದೇ ಮಿತಿ.

ಮಿತಿ ಏಕೆಂದರೆ ಕಾರು ಮತ್ತು ವಿಮಾನದ ದುಡಿಮೆ ಬೇರೆ. ಬೆಂಗಳೂರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುವ ಸಣ್ಣ ಕಾರು ತನ್ನ ಶಕ್ತಿಯ ಕಾಲು ಭಾಗವನ್ನೂ ಬಳಸುವುದಿಲ್ಲ. ವಿಮಾನದ ಎಂಜಿನ್ ಮಂಡ್ಯದ ಆಲೆಮನೆಯ ಗಾಣದ ಎಂಜಿನ್ನಿನಂತೆ ಗಂಟೆಗಟ್ಟಲೆ ಒಂದೇ ಭಾರದಲ್ಲಿ ದುಡಿಯುತ್ತದೆ. ಶಕ್ತಿಯ ಮುಕ್ಕಾಲು ಪಾಲು, ಬಿಡುವಿಲ್ಲದೆ.

ಹಳೆಯ ಎಂಜಿನ್ನಿನ ಪರೀಕ್ಷೆ

ಗುಜರಿಯಿಂದ ತರುವುದಾದರೆ ಕಾರು ಇನ್ನೂ ಓಡುತ್ತಿರುವಾಗಲೇ ನೋಡಿ ಕೊಳ್ಳಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಸರ್ವಿಸ್ ಕೈಪಿಡಿಯ ಅಂಕಿ ಸಮುದ್ರಮಟ್ಟದ್ದು. ಮೈಸೂರಿನಲ್ಲಿ ಗೇಜು ಅದಕ್ಕಿಂತ ಎಂಟೊಂಬತ್ತು ಶೇಕಡಾ ಕಡಿಮೆ ತೋರಿಸಿದರೆ ಗಾಬರಿ ಬೇಡ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮಾತ್ರ 10% ದಾಟಬಾರದು. ಒಮ್ಮೆ ಅತಿಯಾಗಿ ಬಿಸಿಯಾದ ಅಲ್ಯೂಮಿನಿಯಂ ಹೆಡ್ ಬಾಗಿರುತ್ತದೆ: ಹೆಡ್ ಬಿಚ್ಚಿ, ನೇರ ಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ 0.05 ಮಿ.ಮೀ. ಫೀಲರ್ ಗೇಜ್ ತೂರುತ್ತದೆಯೇ ನೋಡಿ. ತೂರಿದರೆ ಆ ಎಂಜಿನ್ ಬೇಡ.

ಉಳಿದ ಓವರ್‌ಹಾಲ್ ಯಾವುದೇ ಒಳ್ಳೆಯ ಗ್ಯಾರೇಜಿನ ಕೆಲಸ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಆಯಿಲ್ ಪಂಪ್, ಸೀಲು, ಕನೆಕ್ಟಿಂಗ್ ರಾಡ್ ಬೋಲ್ಟುಗಳು, ರಬ್ಬರ್ ಎನ್ನುವುದೆಲ್ಲ ಹೊಸತಾಗಲಿ. ಕ್ಲಚ್, ಗೇರ್‌ಬಾಕ್ಸ್, ಏಸಿ ಕಂಪ್ರೆಸರ್, ಪವರ್ ಸ್ಟಿಯರಿಂಗ್ ಪಂಪ್ ಇದ್ದರೆ ಅದು, ಎಲ್ಲ ಹೊರಗೆ. ಹೆಚ್ಚು ಶಕ್ತಿಗಾಗಿ ಕ್ಯಾಮ್ ಬದಲಿಸುವುದು, ಹೆಡ್ ತೆಳು ಮಾಡಿಸುವುದು ಬೇಡವೇ ಬೇಡ. ಕಾರ್ಖಾನೆ ಲಕ್ಷಾಂತರ ಎಂಜಿನ್ನುಗಳಲ್ಲಿ ಪರೀಕ್ಷಿಸಿದ್ದನ್ನು ಒಂದು ಎಂಜಿನ್ನಿನಲ್ಲಿ ಸುಧಾರಿಸಲು ಹೋಗಬಾರದು.

ವೇಗ ತಗ್ಗಿಸುವ ಡ್ರೈವ್

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. 1.7 ಮೀಟರ್ ಉದ್ದದ ಪ್ರೊಪೆಲ್ಲರನ್ನು ನೇರವಾಗಿ ಕ್ರ್ಯಾಂಕಿಗೆ ಕಟ್ಟಿ 5,200 ಸುತ್ತು ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 460 ಮೀಟರ್ ದಾಟುತ್ತದೆ. ಶಬ್ದದ ವೇಗವೇ ಸುಮಾರು 350. ತುದಿ ಶಬ್ದದ ವೇಗವನ್ನು ಸಮೀಪಿಸಿದಂತೆಲ್ಲ ಎಂಜಿನ್ನಿನ ಶಕ್ತಿ ಎಳೆತವಾಗುವ ಬದಲು ಬರೀ ಗದ್ದಲವಾಗುತ್ತದೆ. ಪ್ರೊಪೆಲ್ಲರ್ 2,500 ಸುತ್ತಿಗೆ ಇಳಿದರೆ ತುದಿಯ ವೇಗ 222 ಮೀಟರ್, ಅದು ಸರಿ. ಹಾಗಾಗಿ ನಮಗೆ ಬೇಕಾದ ಅನುಪಾತ 2.1ರ ಆಸುಪಾಸು.

ಹಲ್ಲಿನ ಬೆಲ್ಟ್ ಡ್ರೈವ್ ಮನೆಯಲ್ಲಿ ಕಟ್ಟುವವರಿಗೆ ಗೇರಿಗಿಂತ ಸುಲಭ. ಎಣ್ಣೆ ಬೇಡ, ಬೆಲ್ಟ್ ಸ್ವಲ್ಪ ಮಟ್ಟಿಗೆ ಹೊಡೆತ ನುಂಗುತ್ತದೆ, ಕಣ್ಣಿನಿಂದಲೇ ತಪಾಸಣೆ ಮಾಡಬಹುದು. ಕೆಳಗೆ ಕ್ರ್ಯಾಂಕಿನ ಕಡೆ 30 ಹಲ್ಲು, ಮೇಲೆ ಪ್ರೊಪೆಲ್ಲರಿನ ಕಡೆ 62 ಹಲ್ಲಿನ ಪುಲ್ಲಿ ಹಾಕಿದರೆ ಅನುಪಾತ 2.07. ಸರಿಯಾಗಿ 2.00 ಇಡಬೇಡಿ: ಆಗ ಪ್ರೊಪೆಲ್ಲರಿನ ಅದೇ ಅಲಗು ಪ್ರತಿ ಬಾರಿ ಅದೇ ಸಿಲಿಂಡರಿನ ಹೊಡೆತಕ್ಕೆ ಸಿಕ್ಕಿ, ಸವೆತವೆಲ್ಲ ಒಂದೇ ಜಾಗದಲ್ಲಿ ಕೂಡುತ್ತದೆ.

ಕೆಳಗಿನ ಪುಲ್ಲಿಯನ್ನು ಕ್ರ್ಯಾಂಕಿನ ತುದಿಗೆ ಬೋಲ್ಟ್ ಮಾಡಿ ಸುಮ್ಮನೆ ಬಿಟ್ಟರೆ ಬೆಲ್ಟಿನ ಬಿಗಿತ ಹಗಲಿರುಳೂ ಕ್ರ್ಯಾಂಕನ್ನು ಪಕ್ಕಕ್ಕೆ ಎಳೆಯುತ್ತದೆ. ಅಂಥ ಎಳೆತಕ್ಕೆ ಆ ಮೇನ್ ಬೇರಿಂಗ್ ಹುಟ್ಟಿಲ್ಲ. ಪುಲ್ಲಿಯ ಇನ್ನೊಂದು ಬದಿಯಲ್ಲೂ ಒಂದು ಬೇರಿಂಗ್ ಇಟ್ಟು, ಅದನ್ನು ದಪ್ಪ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಹಿಡಿಸಿ, ಆ ಪ್ಲೇಟನ್ನು ಎಂಜಿನ್ ಬ್ಲಾಕಿನಲ್ಲಿ ಕಾರಿನ ಗೇರ್‌ಬಾಕ್ಸ್ ಕೂರುತ್ತಿದ್ದ ಬೆಲ್‌ಹೌಸಿಂಗ್ ತೂತುಗಳಿಗೆ ಬಿಗಿಸಬೇಕು. ಪ್ರೊಪೆಲ್ಲರಿನ ಮುನ್ನುಗ್ಗುವ ಎಳೆತವನ್ನು ಮೇಲಿನ ಶಾಫ್ಟಿನ ಬೇರಿಂಗ್‌ಗಳೇ ಹೊರಬೇಕು. ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೆ ಅದು ಮುಟ್ಟಲೂ ಬಾರದು.

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಲ್ಲಿ ಈ ಪ್ಲೇಟು, ಶಾಫ್ಟು ಎರಡನ್ನೂ ಮಾಡಿಸಬಹುದು. ಅಲ್ಲಿನ ಹಿರಿಯ ಟರ್ನರ್ ಒಬ್ಬರು ಡ್ರಾಯಿಂಗ್ ಕೈಗೆ ತೆಗೆದುಕೊಂಡವರೇ ಅಳತೆ ನೋಡುವ ಮೊದಲು, “ಎರಡು ಬೋರುಗಳನ್ನು ಒಂದೇ ಸೆಟ್ಟಿಂಗಿನಲ್ಲಿ ಹೊಡೆಯುತ್ತೇನೆ ಸಾರ್, ಪ್ಲೇಟ್ ಬಿಚ್ಚಿ ತಿರುಗಿಸಿದರೆ ಸಮಾಂತರ ಹೋಯಿತು” ಎಂದರು. ಅಂಥವರನ್ನು ಹುಡುಕಿ. ಎರಡು ಶಾಫ್ಟುಗಳು ಸಮಾಂತರವಾಗಿಲ್ಲದಿದ್ದರೆ ಬೆಲ್ಟ್ ಒಂದು ಅಂಚಿಗೆ ಸರಿದು ಪುಲ್ಲಿಯ ಅಂಚುಪಟ್ಟಿಯನ್ನು ಉಜ್ಜತೊಡಗುತ್ತದೆ. ಶಾಫ್ಟಿಗೆ ಗುಜರಿಯ ಕಬ್ಬಿಣ ಬೇಡ. ಇಎನ್24 ಎಂಬ ಗಟ್ಟಿ ಮಿಶ್ರಲೋಹದ ಉಕ್ಕನ್ನು ಪರೀಕ್ಷಾ ಪತ್ರದೊಂದಿಗೆ ಕೊಳ್ಳಿ. ಅಳತೆ ಬದಲಾಗುವ ಕಡೆಯೆಲ್ಲ ಚೂಪು ಮೂಲೆ ಬಿಡದೆ ದುಂಡಗೆ ತಿರುವಿಸಿ. ಶಾಫ್ಟು ಬಿರುಕು ಬಿಡುವುದು ಆ ಮೂಲೆಯಿಂದಲೇ.

ಇನ್ನು ಕಣ್ಣಿಗೆ ಕಾಣದ ಶತ್ರು, ತಿರುಚು ಕಂಪನ. ನಾಲ್ಕು ಸಿಲಿಂಡರಿನ ಎಂಜಿನ್ ಸಮನಾಗಿ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಬಾರಿ ತಳ್ಳುತ್ತದೆ. ಆಚೆ ತುದಿಯಲ್ಲಿ ಭಾರದ ಪ್ರೊಪೆಲ್ಲರ್, ನಡುವೆ ಬಾಗುವ ಬೆಲ್ಟು ಮತ್ತು ಶಾಫ್ಟು. ಇಂಥ ಜೋಡಣೆಗೆ ತನ್ನದೇ ಆದ ಕಂಪನದ ವೇಗ ಇರುತ್ತದೆ. ಎಂಜಿನ್ನಿನ ತಳ್ಳುವಿಕೆ ಅದಕ್ಕೆ ತಾಳೆಯಾದರೆ ಅನುರಣನ ಉಂಟಾಗಿ ಹಲ್ಲು, ಶಾಫ್ಟು, ಫ್ಲೈವೀಲ್ ಬೋಲ್ಟು ಯಾವುದಾದರೂ ಮುರಿಯುತ್ತದೆ. ಮಾಡಬೇಕಾದದ್ದು ಇಷ್ಟು: ಫ್ಲೈವೀಲನ್ನು ತೆಗೆಯಬೇಡಿ, ಅತಿಯಾಗಿ ಹಗುರ ಮಾಡಿಸಲೂ ಬೇಡಿ, ಹಗುರವಾದ ಮರದ ಅಥವಾ ಸಂಯುಕ್ತ ವಸ್ತುವಿನ ಪ್ರೊಪೆಲ್ಲರನ್ನೇ ಬಳಸಿ. ಹಳೆಯ ಲೋಹದ ಪ್ರೊಪೆಲ್ಲರ್ ಅಗ್ಗಕ್ಕೆ ಸಿಕ್ಕಿದರೂ ಬೇಡ. ಲೋಹದ ಅಲಗು ಬೇರೊಂದು ಎಂಜಿನ್ನಿನ ಕಂಪನಕ್ಕೆ ಪರೀಕ್ಷೆಯಾಗಿರುತ್ತದೆ, ನಿಮ್ಮದಕ್ಕಲ್ಲ. ಅನುರಣನ ಐಡಲ್‌ಗಿಂತ, ಅಂದರೆ ಎಂಜಿನ್ ಭಾರವಿಲ್ಲದೆ ನಿಧಾನವಾಗಿ ತಿರುಗುವ ವೇಗಕ್ಕಿಂತ, ಕೆಳಗೆ ಬೀಳುವಂತೆ ಜೋಡಿಸಿ, ಐಡಲನ್ನು ಕಾರಿಗಿಂತ ಎತ್ತರದಲ್ಲಿ ನಿಲ್ಲಿಸಿ. ಓಡುವಾಗ ಯಾವುದಾದರೂ ಒಂದು ವೇಗದಲ್ಲಿ ಡ್ರೈವ್ ಗಡಗಡ ಎಂದರೆ, ಬೆಲ್ಟಿನ ಸುತ್ತ ಕಪ್ಪು ಪುಡಿ ಬಿದ್ದಿದ್ದರೆ, ಅಲ್ಲಿಗೆ ನಿಲ್ಲಿಸಿ. ಕಾರಣ ತಿಳಿಯದೆ ಮುಂದಕ್ಕೆ ಹೋಗಬೇಡಿ.

ತಣಿಸುವುದು

60 ಅಶ್ವಶಕ್ತಿ ಕೊಡುತ್ತಿರುವ ಎಂಜಿನ್ ಸುಮಾರು 40 ಕಿಲೋವ್ಯಾಟ್ ಶಾಖವನ್ನು ನೀರಿಗೆ ಸುರಿಯುತ್ತದೆ. ಕಾರಿನಲ್ಲಿ ಫ್ಯಾನ್ ಇದೆ. ಇಲ್ಲಿ ಗಾಳಿಯ ದಾರಿಯನ್ನು ನೀವೇ ಕಟ್ಟಬೇಕು. ರೇಡಿಯೇಟರನ್ನು ಬಯಲಿಗೆ ನೇತುಹಾಕಿದರೆ ಗಾಳಿಯ ತಡೆ ಹೆಚ್ಚು, ತಂಪು ಕಡಿಮೆ. ಗಾಳಿ ಒಳಬರುವ ಬಾಯಿ ರೇಡಿಯೇಟರ್ ಮುಖದ ಅರ್ಧಕ್ಕಿಂತ ಚಿಕ್ಕದಿರಲಿ, ಅಲ್ಲಿಂದ ನಿಧಾನವಾಗಿ ಅಗಲವಾಗುತ್ತ ಹೋಗಲಿ, ಅಂಚುಗಳಲ್ಲಿ ಬೆರಳು ತೂರುವಷ್ಟೂ ಸಂದು ಬೇಡ. ಗಾಳಿ ಸುಲಭದ ದಾರಿ ಹುಡುಕುತ್ತದೆ. ಸಂದು ಇದ್ದರೆ ರೇಡಿಯೇಟರಿನೊಳಗೆ ಹೋಗುವುದೇ ಇಲ್ಲ. ನೀರಿನ ದಾರಿಯ ಅತಿ ಎತ್ತರದ ಜಾಗದಲ್ಲಿ ಟ್ಯಾಂಕು ಇಟ್ಟು ಗಾಳಿಗುಳ್ಳೆ ಹೊರಹೋಗುವಂತೆ ಮಾಡಿ.

ತಾಪಮಾನದ ಗೇಜು ಒಂದನ್ನೇ ನಂಬಬಾರದು. ಹೋಸ್ ಕಿತ್ತು ನೀರೆಲ್ಲ ಸೋರಿದಾಗ ಸೆನ್ಸರ್ ಬರೀ ಗಾಳಿಯಲ್ಲಿ ಕುಳಿತು, ಎಂಜಿನ್ ಬೇಯುತ್ತಿದ್ದರೂ ಎಲ್ಲ ಸರಿಯಿದೆ ಎಂದು ತೋರಿಸಬಹುದು. ನೀರಿನ ಒತ್ತಡಕ್ಕೂ ಒಂದು ಗೇಜು ಇಡಿ. ಸೋರಿಕೆಯನ್ನು ಮೊದಲು ಹೇಳುವುದು ಅದೇ.

ಎಂಜಿನ್ ತಳದ ಆಯಿಲ್ ಸಂಪಿನಲ್ಲಿ ಎಣ್ಣೆ ಒಂದು ಬದಿಗೆ ಸರಿಯದಂತೆ ತಡೆಪಟ್ಟಿ, ಜೊತೆಗೊಂದು ಆಯಿಲ್ ಕೂಲರ್, ಸ್ಟೇನ್‌ಲೆಸ್ ಸೈಲೆನ್ಸರ್ ಪೈಪು, ಕಾಕ್‌ಪಿಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಯಂತ್ರ. ಇವು ಪಟ್ಟಿಯಲ್ಲಿರಲಿ.

ಪೆಟ್ರೋಲು, ಅದರೊಳಗಿನ ಎಥೆನಾಲು

ಮಂಡ್ಯದವರಿಗೆ ಎಥೆನಾಲ್ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಕಬ್ಬಿನಿಂದ ಬಂದದ್ದು ರೈತನಿಗೆ ಒಳ್ಳೆಯದು, ವಿಮಾನದ ಟ್ಯಾಂಕಿಗಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಮೇಲೇರಿ ತಣ್ಣಗಾದಾಗ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಬಹುದು. ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸುತ್ತದೆ, ಫೈಬರ್ ಟ್ಯಾಂಕಿನ ಅಂಟನ್ನು ಮೆದುಮಾಡುತ್ತದೆ. ಜಿಪ್ಸಿಯ ಕಾಲದ ಪೈಪು, ಸೀಲುಗಳು ಇಷ್ಟು ಎಥೆನಾಲಿಗೆಂದು ಮಾಡಿದವಲ್ಲ. ಅಲ್ಯೂಮಿನಿಯಂ ಟ್ಯಾಂಕು, ಎಥೆನಾಲ್ ತಾಳುವ ಹೋಸ್, ಅದಕ್ಕೆ ಜಗ್ಗದ ವಿಟಾನ್ ರಬ್ಬರಿನ ಸೀಲುಗಳನ್ನೇ ಹಾಕಿ. ವಿಮಾನದ ಪೆಟ್ರೋಲು ಸಿಗುವುದಾದರೆ ದುಬಾರಿಯಾದರೂ ಅದೇ ಉತ್ತಮ. ಅದರಲ್ಲಿ ಸೀಸ ಇರುವುದರಿಂದ ಕಾರಿನ ಆಕ್ಸಿಜನ್ ಸೆನ್ಸರ್ ಬೇಗ ಹಾಳಾಗುತ್ತದೆ ಎಂಬುದು ನೆನಪಿರಲಿ.

ಎಥೆನಾಲ್ ಎಷ್ಟಿದೆ ಎಂದು ಅಳೆಯುವುದು ಸುಲಭ. ಅಳತೆ ಗೆರೆ ಇರುವ ಉದ್ದನೆಯ ಗಾಜಿನ ಕೊಳವೆಗೆ 10 ಮಿ.ಲೀ. ನೀರು, ಅದರ ಮೇಲೆ 100 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಅಲುಗಿಸಿ, ಹತ್ತು ನಿಮಿಷ ಬಿಡಿ. ನೀರಿನ ಗೆರೆ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 30ರ ಹತ್ತಿರಕ್ಕೆ ಏರಿದರೆ 20% ಇದೆ. ಹೀಗೆ ನೀರು ಹಾಕಿ ಎಥೆನಾಲ್ ತೆಗೆದ ಪೆಟ್ರೋಲನ್ನು ವಿಮಾನಕ್ಕೆ ಹಾಕುವ ಯೋಚನೆ ಬೇಡ. ಆಕ್ಟೇನ್ ಕುಸಿದಿರುತ್ತದೆ, ಎಂಜಿನ್ ಬಡಿಯುತ್ತದೆ.

ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ಗೆ ಸುಮಾರು 3 ಬಾರ್ ಒತ್ತಡ ಬೇಕು. ಎರಡು ಪಂಪು, ಎರಡಕ್ಕೂ ಬೇರೆ ಬೇರೆ ಫ್ಯೂಸು, ಬೇರೆ ಸ್ವಿಚ್ಚು, ಹಿಂದಕ್ಕೆ ಹರಿಯದಂತೆ ವಾಲ್ವು. ಪೂರ್ಣ ಶಕ್ತಿಯಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 23 ಲೀಟರ್ ಕುಡಿಯುತ್ತದೆ. ಪಂಪು ಅದಕ್ಕಿಂತ ಕಾಲು ಭಾಗ ಹೆಚ್ಚು, ಅಂದರೆ ನಿಮಿಷಕ್ಕೆ ಅರ್ಧ ಲೀಟರ್, ಕೊಡಲೇಬೇಕು. ವಿಮಾನದ ಮೂಗನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ಸ್ವಲ್ಪವೇ ಪೆಟ್ರೋಲ್ ಇಟ್ಟು, 3 ಬಾರ್ ಒತ್ತಡದಲ್ಲೇ ಡಬ್ಬಿಗೆ ಹಿಡಿದು ಅಳೆಯಿರಿ. ಸಮತಟ್ಟಾಗಿ ನಿಲ್ಲಿಸಿ ಅಳೆದ ಅಂಕಿಗೆ ಬೆಲೆಯಿಲ್ಲ.

ಕರೆಂಟು ನಿಂತರೆ ಎಂಜಿನ್ನೂ ನಿಲ್ಲುತ್ತದೆ

2007ರಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಎರಡು ಎಂಜಿನ್ನಿನ ಡೈಮಂಡ್ ಡಿಎ42 ವಿಮಾನವನ್ನು, ಬ್ಯಾಟರಿ ಸತ್ತಿದ್ದರಿಂದ ಹೊರಗಿನ ಕರೆಂಟಿನಲ್ಲಿ ಸ್ಟಾರ್ಟ್ ಮಾಡಿ ಟೇಕಾಫ್ ಮಾಡಲಾಯಿತು. ಚಕ್ರ ಮಡಚುವ ಮೋಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯಿತು; ಎಂಜಿನ್ ನಿಯಂತ್ರಿಸುವ ಕಂಪ್ಯೂಟರುಗಳು ಮರುಚಾಲನೆಗೊಂಡವು; ಎರಡೂ ಎಂಜಿನ್ ನಿಂತವು. ಎಂಜಿನ್ನುಗಳಲ್ಲಿ ಯಾವ ದೋಷವೂ ಇರಲಿಲ್ಲ. ಕಾರಿನ ಎಂಜಿನ್ ಹಾರಿಸುವ ಪ್ರತಿಯೊಬ್ಬರೂ ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ವೈರ್ ಎಳೆಯಬೇಕು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿರುವ ರೋಟಾಕ್ಸ್ 912 ಐಎಸ್ ಸರಣಿಯ ಎಂಜಿನ್ನನ್ನು ನೋಡಿ: ನಿಯಂತ್ರಣಕ್ಕೆ ಎರಡು ಪ್ರತ್ಯೇಕ ಮಾರ್ಗ, ಎರಡು ಜನರೇಟರ್, ಸಿಲಿಂಡರಿಗೆ ಎರಡು ಪ್ಲಗ್. ಜಿಪ್ಸಿಯ ಹೆಡ್ಡಿನಲ್ಲಿ ಸಿಲಿಂಡರಿಗೆ ಒಂದೇ ಪ್ಲಗ್ಗಿಗೆ ಜಾಗ. ಉಳಿದದ್ದನ್ನಾದರೂ ಎರಡಾಗಿಸಿ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಾರಿನ ಮೂಲದ್ದನ್ನು ಬಿಟ್ಟು, ಪ್ರೋಗ್ರಾಂ ಮಾಡಬಹುದಾದ ಎರಡು ಇಸಿಯು, ಪ್ರತಿಯೊಂದಕ್ಕೂ ಅದರದೇ ಕ್ರ್ಯಾಂಕ್ ಸೆನ್ಸರ್. ಮೂಲ ಇಸಿಯುವನ್ನು ಉಳಿಸಿಕೊಂಡರೆ ಒಂದು ಸೆನ್ಸರ್ ಕೆಟ್ಟಾಗ ಎಂಜಿನ್ನನ್ನು ಉಳಿಸಲು ಅದು ಶಕ್ತಿ ತಗ್ಗಿಸಬಹುದು. ರಸ್ತೆಯಲ್ಲಿ ಅದು ಜಾಣತನ, ಮರಗಳ ಮೇಲೆ ಏರುತ್ತಿರುವಾಗ ಅಪಾಯ. ಕಳ್ಳತನ ತಡೆಯುವ ಇಮೊಬಿಲೈಜರ್ ಇದ್ದರೆ ಅದು ಪೂರ್ತಿ ಹೊರಗೆ.

ಎರಡು ಬ್ಯಾಟರಿ ಇರಲಿ, ಒಂದರ ಸಾವು ಇನ್ನೊಂದನ್ನು ಎಳೆಯದಂತೆ ನಡುವೆ ಡಯೋಡ್ ಇರಲಿ. ಪಂಪು, ಇಸಿಯು, ಕಾಯಿಲ್ ಎಲ್ಲ ಸೇರಿ 12ರಿಂದ 14 ಆಂಪಿಯರ್ ಎಳೆಯುತ್ತವೆ. 18 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಆಲ್ಟರ್ನೇಟರ್ ಇಲ್ಲದೆ ಗಂಟೆಯ ಹತ್ತಿರ ಓಡಿಸಬಹುದು, ಹಳೆಯದು ಅರ್ಧ ಗಂಟೆಯೂ ಕಷ್ಟ. ನೆಲದ ಮೇಲೆ ಎಂಜಿನ್ ಓಡುವಾಗ ಆಲ್ಟರ್ನೇಟರ್ ಕಡಿದು, ಗಡಿಯಾರ ಹಿಡಿದು ನಿಜವಾದ ಸಮಯ ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಮತ್ತೆ ಮಾಡಿ. ವೈರಿನ ತುದಿಗಳಿಗೆ ಬೆಸುಗೆ ಬೇಡ, ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ. ಬೆಸುಗೆ ಹಾಕಿದ ಕಡೆ ವೈರ್ ಗಡುಸಾಗಿ ಕಂಪನಕ್ಕೆ ಮುರಿಯುತ್ತದೆ. ಬ್ಲಾಕಿನಿಂದ ಬ್ಯಾಟರಿಗೆ ಹೋಗುವ ಅರ್ಥಿಂಗ್ ಪಟ್ಟಿಯೂ ಎರಡಿರಲಿ.

ನೆಲದ ಮೇಲೆ ಓಡಿಸುವುದು

ವಿಮಾನಕ್ಕೆ ಕೂರಿಸುವ ಮೊದಲು ಎಂಜಿನ್, ಡ್ರೈವ್, ಪ್ರೊಪೆಲ್ಲರ್, ರೇಡಿಯೇಟರ್ ಎಲ್ಲವನ್ನೂ ವಿಮಾನದ ಅದೇ ಮೌಂಟಿನ ಮೇಲೆ ಒಂದು ಟ್ರೇಲರ್ ಚಾಸಿಗೆ ಕಟ್ಟಿ. ಊರಾಚೆ, ಕಲ್ಲು ದೂಳು ಇಲ್ಲದ ಗಟ್ಟಿ ನೆಲ ಬೇಕು. ಪ್ರೊಪೆಲ್ಲರ್ ನಿಂತಲ್ಲೇ 150 ಕೆ.ಜಿ.ಗೂ ಹೆಚ್ಚು ಎಳೆಯಬಲ್ಲದು. ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಲದು, ಹಿಂದೆ ಸರಪಳಿಯಲ್ಲಿ ಭದ್ರವಾದ ಕಂಬಕ್ಕೆ ಬಿಗಿಯಿರಿ. ಪ್ರೊಪೆಲ್ಲರಿನ ನೇರಕ್ಕೆ, ಅಕ್ಕಪಕ್ಕದಲ್ಲಿ, ಯಾರೂ ನಿಲ್ಲಬಾರದು. ಹಳ್ಳಿಯಲ್ಲಿ ಶಬ್ದ ಕೇಳಿ ಮಕ್ಕಳು ಓಡಿ ಬರುತ್ತಾರೆ, ಹಾಗಾಗಿ ಹಗ್ಗ ಕಟ್ಟಿ, ಕಾಯಲೆಂದೇ ಒಬ್ಬರನ್ನು ನಿಲ್ಲಿಸಿ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ಮೊದಲು ಕೆಲವು ನಿಮಿಷ, ನಂತರ ನಿಲ್ಲಿಸಿ ತಪಾಸಣೆ, ಮತ್ತೆ ಇನ್ನಷ್ಟು. ಕೊನೆಗೆ ಹಾರಾಟದ ಶಕ್ತಿಯಲ್ಲಿ ಗಂಟೆಗಟ್ಟಲೆ, ಮಧ್ಯೆ ಮಧ್ಯೆ ಐದು ನಿಮಿಷ ಪೂರ್ಣ ಶಕ್ತಿ. ಕನಿಷ್ಠ 50 ಗಂಟೆ ಹೀಗೆ ಓಡದ ಎಂಜಿನ್ನನ್ನು ನಾನು ವಿಮಾನಕ್ಕೆ ಕಟ್ಟುವುದಿಲ್ಲ. ಈ ಪರೀಕ್ಷೆಯನ್ನು ಏಪ್ರಿಲಿನ ಮಧ್ಯಾಹ್ನವೇ ಮಾಡಿ. ಡಿಸೆಂಬರ್ ಬೆಳಗಿನ ತಂಪಿನಲ್ಲಿ ತೇರ್ಗಡೆಯಾದ ರೇಡಿಯೇಟರ್ ಬಗ್ಗೆ ನಮಗೆ ಏನೂ ತಿಳಿದಂತಾಗಲಿಲ್ಲ.

ಆಯಿಲ್ ಬದಲಿಸಿದಾಗ ಹಳೆಯ ಫಿಲ್ಟರನ್ನು ಎಸೆಯಬೇಡಿ. ಡಬ್ಬಿಯನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ, ಮೇಲೆ ಅಯಸ್ಕಾಂತ ಎಳೆಯಿರಿ. ಮೊದಲ ಫಿಲ್ಟರಿನಲ್ಲಿ ಸಣ್ಣ ಮಿನುಗು ಪುಡಿ ಇರುವುದು ಸಹಜ, ಮುಂದಿನದರಲ್ಲಿ ಕಡಿಮೆಯಾಗಬೇಕು. ಉಗುರಿಗೆ ಸಿಗುವಂಥ ಚೂರು ಕಂಡರೆ ಎಂಜಿನ್ ಬಿಚ್ಚಿ.

ವಿಮಾನಕ್ಕೆ ಕೂರಿಸಿ, ಹಾರುವವರೆಗೆ

ಎಲ್ಲ ಜೋಡಿಸಿದ ಮೇಲೆ ವಿಮಾನವನ್ನು ಮೂರು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಮಾಡಿ. ನೀರು, ರೇಡಿಯೇಟರ್, ಡ್ರೈವ್ ಸೇರಿ ಕಾರಿನ ಎಂಜಿನ್ ಅಂದಾಜಿಗಿಂತ ಭಾರವಾಗಿರುತ್ತದೆ, ಗುರುತ್ವ ಕೇಂದ್ರ ಮುಂದಕ್ಕೆ ಸರಿದಿರುತ್ತದೆ. ಬ್ಯಾಟರಿಗಳನ್ನು ಸೀಟಿನ ಹಿಂದಕ್ಕೆ ಒಯ್ದರೆ ಬಹುಪಾಲು ಸರಿಹೋಗುತ್ತದೆ. ನಕ್ಷೆಯ ಮಿತಿಯೊಳಗೆ ಬಾರದಿದ್ದರೆ ಹಾರುವ ಮಾತಿಲ್ಲ.

ಅಮೆರಿಕದಲ್ಲಿ ಪ್ರಮಾಣಪತ್ರವಿಲ್ಲದ ಎಂಜಿನ್ ಇರುವ ಸ್ವಯಂನಿರ್ಮಿತ ವಿಮಾನಕ್ಕೆ ಸಾಮಾನ್ಯವಾಗಿ 40 ಗಂಟೆಯ ಪರೀಕ್ಷಾ ಹಾರಾಟ ವಿಧಿಸುತ್ತಾರೆ, ಆ ಅವಧಿಯಲ್ಲಿ ಪ್ರಯಾಣಿಕರಿಗೆ ಅವಕಾಶವಿಲ್ಲ. ಡಿಜಿಸಿಎ ನಿಮ್ಮ ಅನುಮತಿಯಲ್ಲಿ ಏನು ಬರೆದಿದೆಯೋ ಅದನ್ನು ಪಾಲಿಸಿ. ಅದು ಇದಕ್ಕಿಂತ ಸಡಿಲವಾಗಿದ್ದರೂ 40 ಗಂಟೆ ಒಬ್ಬರೇ ಹಾರಿ. ಮೊದಲ ಗಂಟೆಗಳೆಲ್ಲ ರನ್‌ವೇ ಮೇಲೆಯೇ ಸುತ್ತುತ್ತ, ಎಂಜಿನ್ ನಿಂತರೂ ಇಳಿಯಬಲ್ಲ ಎತ್ತರದಲ್ಲಿ ಇರಲಿ. ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ಮೂಗು ಕೆಳಗೆ ಮಾಡಿ ಎದುರಿಗಿರುವ ಬಯಲಿನಲ್ಲೇ ಇಳಿಯಬೇಕು, ರನ್‌ವೇ ಕಡೆಗೆ ತಿರುಗಬಾರದು. ಇದನ್ನು ಪ್ರತಿ ಟೇಕಾಫಿಗೆ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಿ. ಪ್ರತಿ ಹಾರಾಟದ ನಂತರ ಕವಚ ತೆಗೆದು ಬೆಲ್ಟಿನ ಬಿಗಿತ, ಹಲ್ಲಿನ ಬುಡ, ಹೋಸ್ ಕ್ಲ್ಯಾಂಪು, ಮೌಂಟಿನ ವೆಲ್ಡಿಂಗ್ ನೋಡಿ. 10 ಗಂಟೆಗೊಮ್ಮೆ ಪ್ರೊಪೆಲ್ಲರ್ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಇಡಿ. ಮರದ ಪ್ರೊಪೆಲ್ಲರಾದರೆ ಮಳೆಗಾಲ ಮುಗಿದು ಚಳಿಗಾಲ ಬಂದಾಗ ಮರ ಒಣಗಿ ಕುಗ್ಗುತ್ತದೆ, ಆಗ ಇನ್ನೊಮ್ಮೆ ನೋಡಿ.